ರೆನೆ ಲೆನೆಕ್

ರೆನೆ ಥಿಯೊಫಿಲ್ ಹಯಾಸಿಂಥ್ ಲೆನೆಕ್ (17 ಫೆಬ್ರವರಿ 1781 – 13 ಆಗಸ್ಟ್ 1826) ಫ್ರಾನ್ಸ್ ದೇಶದ ವೈದ್ಯರು ಮತ್ತು ರೋಗಶಾಸ್ತ್ರಜ್ಞರು. 1816ರಲ್ಲಿ ಪ್ಯಾರಿಸ್‌ನ ನೆಕ್ಕೆರ್ ಆಸ್ಪತ್ರೆಯಲ್ಲಿ ಸ್ಟೆತಾಸ್ಕೋಪನ್ನು ರೂಪಿಸಿದವರು ಇವರೇ. ಎದೆಯೊಳಗಿನ ಶಬ್ದಗಳನ್ನು ಆಲಿಸಿ ಶ್ವಾಸಕೋಶ ಮತ್ತು ಹೃದಯದ ರೋಗಗಳನ್ನು ಗುರುತಿಸುವ ಕ್ರಮವನ್ನು ಶಾಸ್ತ್ರೀಯವಾಗಿ ನೆಲೆಗೊಳಿಸಿದರು. ಯಕೃತ್ತು ಕುಗ್ಗಿ, ಗಟ್ಟಿಯಾಗಿ, ಗಂಟುಗಂಟಾಗುವ ರೋಗಕ್ಕೆ ಸಿರೋಸಿಸ್ ಎಂಬ ಹೆಸರನ್ನು ಕೊಟ್ಟವರೂ ಇವರೇ. ಈ ಎರಡೂ ಕೊಡುಗೆಗಳು 1819ರಲ್ಲಿ ಪ್ರಕಟವಾದ ಒಂದೇ ಗ್ರಂಥದಲ್ಲಿವೆ. ಸಿರೋಸಿಸ್ ಎಂಬ ಹೆಸರು ಮೊದಲು ಅಚ್ಚಾದದ್ದು ಎದೆಯ ರೋಗದಿಂದ ಆಸ್ಪತ್ರೆಯಲ್ಲಿ ಮೃತಪಟ್ಟ ಒಬ್ಬ ರೋಗಿಯ ವಿವರಣೆಯಲ್ಲಿ. ಕ್ಷಯರೋಗದ ಬಗ್ಗೆ ತಮ್ಮ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ಲೆನೆಕ್ ಅವರು ಅದೇ ರೋಗದಿಂದ 45ನೆಯ ವಯಸ್ಸಿನಲ್ಲಿ ನಿಧನರಾದರು.

ಬಾಲ್ಯ ಮತ್ತು ಕುಟುಂಬ

ಲೆನೆಕ್ ಅವರು ಫ್ರಾನ್ಸಿನ ವಾಯವ್ಯ ಭಾಗದಲ್ಲಿರುವ ಬ್ರಿಟನಿ ಪ್ರಾಂತ್ಯದ ಕೆಂಪೇರ್ ಪಟ್ಟಣದಲ್ಲಿ ಜನಿಸಿದರು. ತಂದೆ ವಕೀಲರು; ಪದ್ಯರಚನೆಯಲ್ಲಿ ಆಸಕ್ತಿಯಿದ್ದವರು, ಆದರೆ ಹಣಕಾಸಿನ ವಿಷಯದಲ್ಲಿ ಜವಾಬ್ದಾರಿ ಕಡಿಮೆ. ತಾಯಿ 1786ರಲ್ಲಿ ತೀರಿಕೊಂಡಾಗ ಬಾಲಕನಿಗೆ ಐದು ವರ್ಷ. ಅವರ ಸಾವಿಗೂ ಕ್ಷಯವೇ ಕಾರಣವಾಗಿರಬೇಕೆಂದು ಜೀವನಚರಿತ್ರೆಕಾರರು ಊಹಿಸುತ್ತಾರೆ. ಮಕ್ಕಳನ್ನು ಸಾಕುವ ಹೊಣೆ ಬಂಧುಗಳ ಮೇಲೆ ಬಿತ್ತು. ರೆನೆ ಮೊದಲು ಪಾದ್ರಿಯಾಗಿದ್ದ ಬಂಧುವೊಬ್ಬರ ಆಶ್ರಯದಲ್ಲಿದ್ದು, ಅನಂತರ ನಾಂತ್ ನಗರದಲ್ಲಿದ್ದ ಚಿಕ್ಕಪ್ಪ ಗಿಯೋಮ್ ಲೆನೆಕ್ ಅವರ ಮನೆ ಸೇರಿದರು.

ಗಿಯೋಮ್ ಅವರು ನಾಂತ್‌ನಲ್ಲಿ ಹೆಸರುವಾಸಿಯಾದ ವೈದ್ಯರು ಹಾಗೂ ವೈದ್ಯಕೀಯ ಅಧ್ಯಾಪಕರು. ಹುಡುಗನ ವೈದ್ಯಕೀಯ ಆಸಕ್ತಿಗೆ ಅವರೇ ಕಾರಣ. ಅದು ಫ್ರೆಂಚ್ ಕ್ರಾಂತಿಯ ಕಾಲ. 1793ರ ಸುಮಾರಿಗೆ ನಾಂತ್‌ನಲ್ಲಿ ಬಹಳ ರಕ್ತಪಾತ ನಡೆಯಿತು. ನಗರದ ಆಸ್ಪತ್ರೆಗಳು ಗಾಯಾಳುಗಳಿಂದಲೂ ಜ್ವರಪೀಡಿತರಿಂದಲೂ ತುಂಬಿಹೋದವು. 1795ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಲೆನೆಕ್ ಅವರು ಚಿಕ್ಕಪ್ಪನ ಮಾರ್ಗದರ್ಶನದಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುತ್ತ, ರೋಗಿಗಳನ್ನು ನೋಡಿಕೊಳ್ಳುತ್ತ ಕಲಿಕೆ ಆರಂಭಿಸಿದರು. ಅದರೊಂದಿಗೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನೂ ಕೊಳಲು ವಾದನವನ್ನೂ ಅಭ್ಯಾಸ ಮಾಡಿದರು. ಹೊಸ ರೋಗಗಳಿಗೂ ಹೊಸ ಉಪಕರಣಕ್ಕೂ ಹೆಸರಿಡುವಾಗ ಗ್ರೀಕ್ ಭಾಷೆಯ ಈ ಪರಿಚಯ ಅವರಿಗೆ ನೆರವಾಯಿತು.

ಪ್ಯಾರಿಸ್‌ನಲ್ಲಿ ವಿದ್ಯಾಭ್ಯಾಸ

1801ರಲ್ಲಿ ಲೆನೆಕ್ ಅವರು ಪ್ಯಾರಿಸ್‌ಗೆ ಬಂದು ವೈದ್ಯಕೀಯ ಶಾಲೆಗೆ ಸೇರಿದರು. ಕ್ರಾಂತಿಯ ನಂತರ ಪ್ಯಾರಿಸ್‌ನಲ್ಲಿ ವೈದ್ಯ ಶಿಕ್ಷಣದ ರೀತಿಯೇ ಬದಲಾಗಿತ್ತು. ಹಳೆಯ ಗ್ರಂಥಗಳ ಪಠಣಕ್ಕಿಂತ ಆಸ್ಪತ್ರೆಯ ಹಾಸಿಗೆಯ ಬಳಿ ರೋಗಿಯನ್ನು ಪರೀಕ್ಷಿಸುವುದಕ್ಕೆ ಪ್ರಾಮುಖ್ಯ ಬಂದಿತ್ತು. ರೋಗಿ ಮೃತಪಟ್ಟರೆ ಶವಪರೀಕ್ಷೆ ನಡೆಸಿ, ಬದುಕಿದ್ದಾಗ ಕಂಡ ಲಕ್ಷಣಗಳಿಗೂ ಅಂಗಗಳಲ್ಲಿ ಕಾಣುವ ಬದಲಾವಣೆಗಳಿಗೂ ಇರುವ ಸಂಬಂಧವನ್ನು ಹುಡುಕುವುದು ಈ ಪದ್ಧತಿಯ ತಿರುಳು.

ಶಾರಿತೆ ಆಸ್ಪತ್ರೆಯಲ್ಲಿ ಲೆನೆಕ್ ಅವರಿಗೆ ಗುರುಗಳಾದವರು ಜ್ಯಾಂ ನಿಕೋಲಾ ಕೊರ್ವಿಸಾರ್. ಹೃದ್ರೋಗಗಳ ಅಧ್ಯಯನದಲ್ಲಿ ಪ್ರಸಿದ್ಧರಾದ ಇವರು ಮುಂದೆ ನೆಪೋಲಿಯನ್ ಚಕ್ರವರ್ತಿಯ ವೈದ್ಯರಾದರು. ಎದೆಯನ್ನು ಬೆರಳುಗಳಿಂದ ತಟ್ಟಿ, ಹೊಮ್ಮುವ ನಾದದಿಂದ ಒಳಗೆ ಗಾಳಿಯಿದೆಯೋ ನೀರು ತುಂಬಿದೆಯೋ ಎಂದು ತಿಳಿಯುವ ವಿಧಾನವನ್ನು ವಿಯೆನ್ನಾದ ಲಿಯೊಪೋಲ್ಡ್ ಔವೆನ್‌ಬ್ರುಗರ್ ಅವರು 1761ರಲ್ಲೇ ಪ್ರಕಟಿಸಿದ್ದರು. ಹೆಚ್ಚಿನ ವೈದ್ಯರು ಅದನ್ನು ಲೆಕ್ಕಿಸಿರಲಿಲ್ಲ. ಕೊರ್ವಿಸಾರ್ ಅವರು 1808ರಲ್ಲಿ ಆ ಪುಸ್ತಕವನ್ನು ಫ್ರೆಂಚ್ ಭಾಷೆಗೆ ಅನುವಾದಿಸಿ, ವಿಧಾನವನ್ನು ಬಳಕೆಗೆ ತಂದರು. ದೇಹದ ಒಳಗಿನ ಸ್ಥಿತಿಯನ್ನು ಹೊರಗಿನ ಶಬ್ದದಿಂದ ತಿಳಿಯಬಹುದೆಂಬ ಪಾಠ ಲೆನೆಕ್ ಅವರಿಗೆ ಇಲ್ಲಿ ದೊರೆಯಿತು.

ವಿದ್ಯಾರ್ಥಿಯಾಗಿದ್ದಾಗಲೇ, 1802ರಲ್ಲಿ, ಅವರು ಹೊಟ್ಟೆಯ ಒಳಪೊರೆಯ ಉರಿಯೂತವನ್ನು ಕುರಿತ ಲೇಖನಗಳನ್ನು ಪ್ರಕಟಿಸಿದರು. ಯಕೃತ್ತನ್ನು ಆವರಿಸಿರುವ ತೆಳುಪೊರೆಯನ್ನೂ ಅದೇ ಅವಧಿಯಲ್ಲಿ ವಿವರಿಸಿದರು. ಅದನ್ನು ಇಂದಿಗೂ ಲೆನೆಕ್ ಕವಚ ಎನ್ನುತ್ತಾರೆ. 1803ರಲ್ಲಿ ವೈದ್ಯಶಾಸ್ತ್ರ ಮತ್ತು ಶಸ್ತ್ರಚಿಕಿತ್ಸೆ ಎರಡರಲ್ಲೂ ಮೊದಲ ಬಹುಮಾನ ಪಡೆದರು. 1804ರಲ್ಲಿ ಹಿಪೊಕ್ರೆಟಿಸ್‌ನ ಸಿದ್ಧಾಂತಗಳನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಲಭಿಸಿತು. ಕಪ್ಪುವರ್ಣದ ಗಡ್ಡೆಯಾದ ಮೆಲನೋಮವನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ಹೆಸರಿಟ್ಟದ್ದೂ ಈ ಅವಧಿಯಲ್ಲೇ.

ವೃತ್ತಿಯ ಆರಂಭದ ವರ್ಷಗಳು

ಇಷ್ಟೆಲ್ಲ ಸಾಧನೆಗಳಿದ್ದರೂ ಲೆನೆಕ್ ಅವರಿಗೆ ಬಹುಕಾಲ ಆಸ್ಪತ್ರೆಯ ಹುದ್ದೆ ದೊರೆಯಲಿಲ್ಲ. ಖಾಸಗಿ ವೃತ್ತಿ ನಡೆಸುತ್ತ, ವೈದ್ಯಕೀಯ ಪತ್ರಿಕೆಗೆ ಬರೆಯುತ್ತ, ರೋಗಶಾಸ್ತ್ರದ ಪಾಠ ಹೇಳುತ್ತ ಕಾಲ ಕಳೆದರು. ಅವರು ಶ್ರದ್ಧಾವಂತ ಕ್ಯಾಥೊಲಿಕರು ಹಾಗೂ ರಾಜಪ್ರಭುತ್ವದ ಬೆಂಬಲಿಗರು. ಅವರ ರೋಗಿಗಳಲ್ಲಿ ನೆಪೋಲಿಯನ್ನನ ಸೋದರಮಾವ ಕಾರ್ಡಿನಲ್ ಫೆಶ್ ಅವರೂ ಇದ್ದರು. 1814ರಲ್ಲಿ ಯುದ್ಧದಿಂದ ಮರಳಿದ ಸೈನಿಕರಲ್ಲಿ ಟೈಫಸ್ ಜ್ವರ ಹಬ್ಬಿ ಪ್ಯಾರಿಸ್‌ನ ಆಸ್ಪತ್ರೆಗಳು ಕಿಕ್ಕಿರಿದಾಗ, ಫ್ರೆಂಚ್ ಬಾರದ ಬ್ರಿಟನಿಯ ಸೈನಿಕರ ಆರೈಕೆಯನ್ನು ಅವರು ವಹಿಸಿಕೊಂಡರು. ಬ್ರೆಟನ್ ಭಾಷೆಯಲ್ಲೇ ಅವರೊಡನೆ ಮಾತನಾಡುತ್ತಿದ್ದರು.

ಈ ವರ್ಷಗಳಲ್ಲಿ ಕ್ಷಯವು ಅವರ ಆಪ್ತರನ್ನು ಒಬ್ಬೊಬ್ಬರಾಗಿ ಕಸಿದುಕೊಂಡಿತು. ತಮ್ಮ ಮಿಶೋ 1810ರಲ್ಲಿ ತೀರಿಕೊಂಡರು. ಸ್ನೇಹಿತ ಹಾಗೂ ಸಹಪಾಠಿ ಗ್ಯಾಸ್ಪಾರ್ ಲೊರಾಂ ಬೇಲ್ ಅವರು ಸುಮಾರು 900 ಶವಪರೀಕ್ಷೆಗಳ ಆಧಾರದ ಮೇಲೆ ಶ್ವಾಸಕೋಶದ ಕ್ಷಯವನ್ನು ಕುರಿತ ಪ್ರಮುಖ ಗ್ರಂಥವನ್ನು 1810ರಲ್ಲಿ ಪ್ರಕಟಿಸಿದ್ದರು. ಅವರೂ 1816ರಲ್ಲಿ ಕ್ಷಯದಿಂದಲೇ ನಿಧನರಾದರು. ಅದೇ ವರ್ಷ ಲೆನೆಕ್ ಅವರಿಗೆ ನೆಕ್ಕೆರ್ ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ದೊರೆಯಿತು.

ಸ್ಟೆತಾಸ್ಕೋಪಿನ ಆವಿಷ್ಕಾರ

ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವ ಪದ್ಧತಿ ಹಿಪೊಕ್ರೆಟಿಸ್ ಕಾಲದಿಂದಲೂ ತಿಳಿದಿತ್ತು. ಆದರೆ ಅದು ರೋಗಿಗೂ ವೈದ್ಯರಿಗೂ ಮುಜುಗರದ ಕೆಲಸ; ಕೇಳಿಬರುವ ಶಬ್ದವೂ ಅಸ್ಪಷ್ಟ. 1816ರಲ್ಲಿ ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳು ಲೆನೆಕ್ ಅವರ ಬಳಿ ಬಂದಳು. ದೇಹ ಸ್ಥೂಲವಾಗಿದ್ದುದರಿಂದ ಎದೆಯನ್ನು ತಟ್ಟಿ ನೋಡಿದರೂ ಕೈಯಿಟ್ಟು ನೋಡಿದರೂ ಏನೂ ತಿಳಿಯುವಂತಿರಲಿಲ್ಲ. ವಯಸ್ಸು ಮತ್ತು ಸ್ತ್ರೀ ಎಂಬ ಕಾರಣದಿಂದ ಎದೆಗೆ ಕಿವಿಯಿಡುವುದೂ ಉಚಿತವಾಗಿರಲಿಲ್ಲ.

ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಆ ಶಬ್ದ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬ ಸಂಗತಿ ಆಗ ಲೆನೆಕ್ ಅವರಿಗೆ ನೆನಪಾಯಿತು. ಅವರು ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ರೋಗಿಯ ಎದೆಯ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟರು. ನೇರವಾಗಿ ಕಿವಿಯಿಟ್ಟಾಗ ಕೇಳುವುದಕ್ಕಿಂತಲೂ ಹೃದಯದ ಬಡಿತ ಸ್ಪಷ್ಟವಾಗಿ ಕೇಳಿಸಿತು. ಮಕ್ಕಳು ಮರದ ದಿಮ್ಮಿಯೊಂದಿಗೆ ಹೀಗೆ ಆಡುತ್ತಿದ್ದುದನ್ನು ಅವರು ದಾರಿಯಲ್ಲಿ ಕಂಡಿದ್ದರೆಂಬ ಕಥೆ ಜನಪ್ರಿಯವಾಗಿದೆ. ಆದರೆ ಅವರ ಸ್ವಂತ ಗ್ರಂಥದಲ್ಲಿ ಈ ಮಕ್ಕಳ ಪ್ರಸ್ತಾಪವಿಲ್ಲ.

ಲೆನೆಕ್ ಅವರು ಈ ಉಪಾಯವನ್ನು ಅಲ್ಲಿಗೇ ಬಿಡಲಿಲ್ಲ. ಬೇರೆ ಬೇರೆ ವಸ್ತುಗಳನ್ನೂ ಆಕಾರಗಳನ್ನೂ ಪರೀಕ್ಷಿಸಿ, ಕೊನೆಗೆ ಸುಮಾರು ಒಂದು ಅಡಿ ಉದ್ದದ, ನಡುವೆ ರಂಧ್ರವಿರುವ ಮರದ ಕೊಳವೆಯನ್ನು ಆರಿಸಿಕೊಂಡರು. ಸಾಗಿಸಲು ಅನುಕೂಲವಾಗುವಂತೆ ಅದನ್ನು ಎರಡು ತುಂಡುಗಳಾಗಿ ಬಿಚ್ಚಬಹುದಾಗಿತ್ತು. ಮರಗೆಲಸ ಬಲ್ಲ ಲೆನೆಕ್ ಅವರು ಈ ಕೊಳವೆಗಳನ್ನು ತಿರುಗಣಿ ಯಂತ್ರದಲ್ಲಿ ಸ್ವತಃ ಕಡೆಯುತ್ತಿದ್ದರು. ಮೊದಲಿಗೆ ಇದನ್ನು ಕೇವಲ ಸಿಲಿಂಡರ್ ಎಂದು ಕರೆದರು. ಅನಂತರ ಎದೆ ಮತ್ತು ನೋಡು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಸ್ಟೆತಾಸ್ಕೋಪ್ ಎಂಬ ಹೆಸರನ್ನು ರೂಪಿಸಿದರು.

1819ರ ಗ್ರಂಥ

ಮುಂದಿನ ಮೂರು ವರ್ಷ ಲೆನೆಕ್ ಅವರು ನೆಕ್ಕೆರ್ ಆಸ್ಪತ್ರೆಯಲ್ಲಿ ಪ್ರತಿ ರೋಗಿಯ ಎದೆಯ ಶಬ್ದಗಳನ್ನು ಆಲಿಸಿ ದಾಖಲಿಸಿದರು. ರೋಗಿ ಮೃತಪಟ್ಟರೆ ಶವಪರೀಕ್ಷೆಯಲ್ಲಿ ಕಂಡುದನ್ನು ಆ ದಾಖಲೆಯೊಂದಿಗೆ ಹೋಲಿಸಿದರು. ಹೀಗೆ ಯಾವ ಶಬ್ದ ಯಾವ ವಿಕಾರವನ್ನು ಸೂಚಿಸುತ್ತದೆ ಎಂಬುದು ನಿಶ್ಚಯವಾಯಿತು. 1818ರಲ್ಲಿ ಈ ಸಂಶೋಧನೆಯನ್ನು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದರು. 1819ರ ಆಗಸ್ಟ್‌ನಲ್ಲಿ ಮಧ್ಯವರ್ತಿ ಆಲಿಕೆಯನ್ನು, ಎಂದರೆ ಎದೆ ಮತ್ತು ಕಿವಿಯ ನಡುವೆ ಉಪಕರಣವನ್ನಿಟ್ಟು ಕೇಳುವ ವಿಧಾನವನ್ನು ಕುರಿತ ಅವರ ಗ್ರಂಥ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಈ ಗ್ರಂಥಕ್ಕೆ ಆಧಾರವಾದ ರೋಗಿಗಳಲ್ಲಿ ಹೆಚ್ಚಿನವರು ಪ್ಯಾರಿಸ್‌ನ ಬಡವರು. ಅನುಕೂಲಸ್ಥರು ಆಗ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ವೈದ್ಯರನ್ನು ಮನೆಗೇ ಕರೆಸಿಕೊಳ್ಳುತ್ತಿದ್ದರು. ಆಸ್ಪತ್ರೆಯ ವಾರ್ಡುಗಳಲ್ಲಿ ಒತ್ತೊತ್ತಾಗಿ ಹಾಸಿಗೆಗಳಿರುತ್ತಿದ್ದವು. ರೋಗಾಣುಗಳ ಕಲ್ಪನೆಯೇ ಇಲ್ಲದ ಆ ದಿನಗಳಲ್ಲಿ ಒಂದು ಕಾಯಿಲೆಗೆಂದು ಬಂದವರು ಇನ್ನೊಂದು ಕಾಯಿಲೆಯಿಂದ ಸಾಯುವುದು ಸಾಮಾನ್ಯವಾಗಿತ್ತು. ಲೆನೆಕ್ ಅವರ ರೋಗಿ ವಿವರಣೆಗಳು ಸೇರಿದ ದಿನದಿಂದ ಶವಪರೀಕ್ಷೆಯವರೆಗೆ ಸಾಗುವ ಆ ಜೀವನಗಳ ದಾಖಲೆಗಳೂ ಆಗಿವೆ.

ಎದೆಯ ರೋಗಗಳ ಅಧ್ಯಯನ

ಲೆನೆಕ್ ಅವರಿಗಿಂತ ಮೊದಲು ಕೆಮ್ಮು, ಜ್ವರ, ಎದೆನೋವು, ಉಬ್ಬಸ ಎಂಬ ಲಕ್ಷಣಗಳೇ ರೋಗಗಳ ಹೆಸರುಗಳಾಗಿದ್ದವು. ಬದುಕಿರುವ ರೋಗಿಯಲ್ಲಿ ನ್ಯುಮೋನಿಯಾ, ಶ್ವಾಸಕೋಶದ ಪೊರೆಯ ಉರಿಯೂತ ಮತ್ತು ಕ್ಷಯಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಕಷ್ಟವಾಗಿತ್ತು. ಲೆನೆಕ್ ಅವರು ಪ್ರತಿಯೊಂದಕ್ಕೂ ವಿಶಿಷ್ಟ ಶಬ್ದಗಳನ್ನು ಗುರುತಿಸಿದರು.

ಉಸಿರಾಟದ ಜೊತೆ ಕೇಳಿಬರುವ ಅಸಹಜ ಶಬ್ದಗಳಿಗೆ ಅವರು ರಾಲ್ ಎಂಬ ಸಾಮಾನ್ಯ ಹೆಸರನ್ನಿಟ್ಟು, ಒದ್ದೆಯಾದ, ಒಣಗಿದ, ಸಿಳ್ಳೆಯಂಥ ಬಗೆಗಳನ್ನು ವಿಂಗಡಿಸಿದರು. ನ್ಯುಮೋನಿಯಾದ ಆರಂಭದಲ್ಲಿ ಬಿಸಿ ಪಾತ್ರೆಯಲ್ಲಿ ಉಪ್ಪು ಸಿಡಿಯುವಂಥ ಸೂಕ್ಷ್ಮ ಚಿಟಿಚಿಟಿ ಶಬ್ದ ಕೇಳಿಸುತ್ತದೆ ಎಂಬುದು ಅವರ ಪ್ರಮುಖ ಶೋಧಗಳಲ್ಲೊಂದು. ಶ್ವಾಸಕೋಶದಲ್ಲಿ ಕುಳಿಯಿದ್ದರೆ ರೋಗಿಯ ಮಾತು ಎದೆಯಿಂದಲೇ ಹೊರಡುವಂತೆ ಕೇಳಿಸುತ್ತದೆ. ಪೊರೆಯ ನಡುವೆ ನೀರು ತುಂಬಿದ್ದರೆ ಅದು ಮೇಕೆಯ ಕೂಗಿನಂತೆ ನಡುಗುತ್ತದೆ.

ನ್ಯುಮೋನಿಯಾದಲ್ಲಿ ಶ್ವಾಸಕೋಶವು ಮೂರು ಹಂತಗಳಲ್ಲಿ ಬದಲಾಗುತ್ತದೆ ಎಂದು ಲೆನೆಕ್ ಅವರು ವಿವರಿಸಿದರು. ಮೊದಲ ಹಂತದಲ್ಲಿ ಅದು ರಕ್ತ ಮತ್ತು ದ್ರವದಿಂದ ತುಂಬಿ ಭಾರವಾಗುತ್ತದೆ. ಎರಡನೆಯದರಲ್ಲಿ ಗಾಳಿಯೇ ಇಲ್ಲದೆ ಯಕೃತ್ತಿನಂತೆ ಗಟ್ಟಿಯಾಗಿ ಕೆಂಪಾಗುತ್ತದೆ. ಮೂರನೆಯದರಲ್ಲಿ ಕೀವು ವ್ಯಾಪಿಸಿ ಬೂದುಬಣ್ಣಕ್ಕೆ ತಿರುಗುತ್ತದೆ. ಈ ಗಟ್ಟಿಯಾಗುವ ಸ್ಥಿತಿಗೆ ಯಕೃತ್ತಿನಂತಾಗುವುದು ಎಂಬ ಅರ್ಥದ ಹೆಪಟೈಸೇಶನ್ ಎಂಬ ಪದ ಇಂದಿಗೂ ವೈದ್ಯಕೀಯ ಪಠ್ಯಗಳಲ್ಲಿದೆ. ಇವಲ್ಲದೆ ಶ್ವಾಸನಾಳಗಳು ಹಿಗ್ಗುವ ಬ್ರಾಂಕಿಯೆಕ್ಟೇಸಿಸ್, ಗಾಳಿಗೂಡುಗಳು ಉಬ್ಬಿ ಒಡೆಯುವ ಎಂಫಿಸೀಮಾ, ಎದೆಗೂಡಿನಲ್ಲಿ ಗಾಳಿ ತುಂಬುವ ನ್ಯೂಮೊಥೊರ್ಯಾಕ್ಸ್ ಮುಂತಾದ ರೋಗಗಳನ್ನೂ ಅವರು ಸ್ಪಷ್ಟವಾಗಿ ನಿರೂಪಿಸಿದರು.

ಸಿರೋಸಿಸ್ ಎಂಬ ಹೆಸರು

ಯಕೃತ್ತು ಗಟ್ಟಿಯಾಗಿ ಗಂಟುಗಂಟಾಗುವುದನ್ನು ಲೆನೆಕ್ ಅವರಿಗಿಂತ ಮೊದಲೇ ಹಲವರು ಗಮನಿಸಿದ್ದರು. ಲಂಡನ್ನಿನ ಮ್ಯಾಥ್ಯೂ ಬೇಲಿ ಅವರು 1790ರ ದಶಕದಲ್ಲಿ ಇದನ್ನು ವಿವರಿಸಿ, ಮದ್ಯಪಾನದೊಂದಿಗೆ ಇದಕ್ಕಿರುವ ನಂಟನ್ನೂ ಗುರುತಿಸಿದ್ದರು. ಆದರೆ ರೋಗಕ್ಕೆ ಒಂದು ನಿಶ್ಚಿತ ಹೆಸರಿರಲಿಲ್ಲ.

1819ರ ಗ್ರಂಥದಲ್ಲಿ ಲೆನೆಕ್ ಅವರು ಒಬ್ಬ ರೋಗಿಯ ಪ್ರಕರಣವನ್ನು ದಾಖಲಿಸಿದ್ದಾರೆ. ಆತನ ಎದೆಯ ಎಡಭಾಗದಲ್ಲಿ ಶ್ವಾಸಕೋಶದ ಪೊರೆ ಉರಿಯೂತಕ್ಕೊಳಗಾಗಿ ರಕ್ತಮಿಶ್ರಿತ ದ್ರವ ತುಂಬಿತ್ತು. ಜೊತೆಗೆ ಜಲೋದರವೂ ಇತ್ತು. ಶವಪರೀಕ್ಷೆಯಲ್ಲಿ ಯಕೃತ್ತು ತನ್ನ ಸಹಜ ಗಾತ್ರದ ಮೂರನೇ ಒಂದು ಭಾಗಕ್ಕೆ ಕುಗ್ಗಿರುವುದು, ಅದರ ಮೇಲೂ ಒಳಗೂ ಹಳದಿ ಮಿಶ್ರಿತ ಕಂದುಬಣ್ಣದ ಸಣ್ಣ ಸಣ್ಣ ಕಾಳುಗಳು ತುಂಬಿರುವುದು ಕಂಡುಬಂತು. ಆ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಅವರು ಈ ವಿಕಾರಕ್ಕೆ ಸಿರೋಸಿಸ್ ಎಂದು ಹೆಸರಿಟ್ಟರು. ಜಲೋದರಕ್ಕೆ ಅತಿ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದೆಂದು ಸೇರಿಸಿದರು.

ಈ ಹೆಸರಿಡುವಿಕೆ ಗ್ರಂಥದ ಮುಖ್ಯ ಭಾಗದಲ್ಲಿಲ್ಲ, ಒಂದು ಅಡಿಟಿಪ್ಪಣಿಯಲ್ಲಿದೆ. ಲೆನೆಕ್ ಅವರ ಗಮನ ಪೂರ್ತಿಯಾಗಿ ಎದೆಯ ರೋಗದ ಮೇಲಿತ್ತು. ಯಕೃತ್ತಿನ ಸಂಗತಿ ಅವರಿಗೆ ಆ ಪ್ರಕರಣದ ಒಂದು ಉಪಾಂಶವಷ್ಟೆ. ಆದರೂ ಆ ಪದವೇ ಜಗತ್ತಿನಾದ್ಯಂತ ಬಳಕೆಗೆ ಬಂತು. ಮದ್ಯಪಾನದಿಂದ ಉಂಟಾಗುವ, ಸಣ್ಣ ಗಂಟುಗಳಿರುವ ಸಿರೋಸಿಸ್‌ಗೆ ಬಹುಕಾಲ ಲೆನೆಕ್ ಸಿರೋಸಿಸ್ ಎಂಬ ಹೆಸರೇ ಇತ್ತು.

ಕ್ಷಯರೋಗ ಮತ್ತು ಸೋಂಕಿನ ಪ್ರಶ್ನೆ

ಶ್ವಾಸಕೋಶದಲ್ಲಿ ಕಾಣುವ ರಾಗಿಕಾಳಿನಂಥ ಸಣ್ಣ ಗಂಟುಗಳು, ಮೊಸರುಗಡ್ಡೆಯಂಥ ಮೆತ್ತನೆಯ ಗಡ್ಡೆಗಳು ಮತ್ತು ಕುಳಿಗಳು ಬೇರೆ ಬೇರೆ ರೋಗಗಳಲ್ಲ, ಒಂದೇ ರೋಗದ ಬೇರೆ ಬೇರೆ ಹಂತಗಳು ಎಂದು ಲೆನೆಕ್ ಅವರು ಪ್ರತಿಪಾದಿಸಿದರು. ಬೇರೆ ಅಂಗಗಳಲ್ಲಿ ಕಾಣುವ ಅಂಥ ಗಂಟುಗಳೂ ಅದೇ ರೋಗಕ್ಕೆ ಸೇರಿದವು ಎಂದರು. ಅನೇಕ ವಿದ್ವಾಂಸರು ಇದನ್ನು ಒಪ್ಪಲಿಲ್ಲ. 1882ರಲ್ಲಿ ರಾಬರ್ಟ್ ಕಾಕ್ ಅವರು ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಮೇಲೆ ಲೆನೆಕ್ ಅವರ ನಿಲುವು ಸರಿಯೆಂದು ದೃಢಪಟ್ಟಿತು.

ಆದರೆ ಕ್ಷಯವು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ ಎಂಬ ಪ್ರಶ್ನೆಯಲ್ಲಿ ಅವರು ಎಡವಿದರು. ದಕ್ಷಿಣ ಯುರೋಪಿನ ಹಲವೆಡೆ ಕ್ಷಯರೋಗಿಯ ಬಟ್ಟೆಬರೆಗಳನ್ನು ಸುಡುವ ಪದ್ಧತಿ ಆಗಲೇ ಇತ್ತು. ಫ್ರಾನ್ಸಿನಲ್ಲಿ ರೋಗಿಯೊಂದಿಗೆ ಒಂದೇ ಕೋಣೆಯಲ್ಲಿ ಮಲಗುವ ಎಷ್ಟೋ ಬಂಧುಗಳು ಆರೋಗ್ಯವಾಗಿರುವುದನ್ನು ಕಂಡಿದ್ದ ಲೆನೆಕ್ ಅವರು ಇದನ್ನು ಅಂಟುರೋಗವೆಂದು ಒಪ್ಪಲಿಲ್ಲ. ಸೋಂಕು ತಗುಲಿದವರಲ್ಲಿ ಎಲ್ಲರಿಗೂ ರೋಗ ಬರುವುದಿಲ್ಲ, ಬಂದರೂ ವರ್ಷಗಳ ನಂತರ ಬರಬಹುದು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ದುಃಖ ಮತ್ತು ಮಾನಸಿಕ ಸಂಕಟಗಳು ರೋಗಕ್ಕೆ ದಾರಿ ಮಾಡುತ್ತವೆಂದು ಅವರು ನಂಬಿದ್ದರು.

ಅವರಿಗೇ ಆದ ಒಂದು ಅನುಭವ ಈ ವಿಷಯದಲ್ಲಿ ಗಮನಾರ್ಹ. ಯುವಕರಾಗಿದ್ದಾಗ ಕ್ಷಯಪೀಡಿತ ಬೆನ್ನುಮೂಳೆಯನ್ನು ಕೊಯ್ದು ಪರೀಕ್ಷಿಸುತ್ತಿದ್ದಾಗ ಗರಗಸ ತಾಗಿ ಅವರ ತೋರುಬೆರಳಿಗೆ ಸಣ್ಣ ಗಾಯವಾಯಿತು. ಕೆಲವು ದಿನಗಳಲ್ಲಿ ಅಲ್ಲಿ ಚಿಕ್ಕ ಗಂಟು ಎದ್ದಿತು. ಅದು ಕ್ಷಯದ ಗಂಟೇ ಎಂದು ಗುರುತಿಸಿ, ಆಂಟಿಮನಿಯ ಸಂಯುಕ್ತದಿಂದ ಸುಟ್ಟು ಗುಣಪಡಿಸಿಕೊಂಡರು. ಅಂಟುವ ರೋಗವೆಂಬುದಕ್ಕೆ ಪುರಾವೆ ಅವರ ಬೆರಳಲ್ಲೇ ಇತ್ತು. ಆದರೆ ಅದು ಸಂಪೂರ್ಣವಾಗಿ ಗುಣವಾದುದರಿಂದ ಅದರಿಂದ ದೊಡ್ಡ ತೀರ್ಮಾನಕ್ಕೆ ಬರಲಿಲ್ಲ. ಕ್ಷಯವು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹರಡುತ್ತದೆಂದು ಫ್ರಾನ್ಸಿನವರೇ ಆದ ವಿಲ್‌ಮಾಂ ಅವರು ಪ್ರಯೋಗದಿಂದ ತೋರಿಸಿದ್ದು 1865ರಲ್ಲಿ.

ವೈದ್ಯರೂ ವಿದ್ಯಾರ್ಥಿಗಳೂ ದಿನವಿಡೀ ಕ್ಷಯರೋಗಿಗಳ ನಡುವೆ, ಗಾಳಿ ಸಾಲದ ವಾರ್ಡುಗಳಲ್ಲಿ ಮತ್ತು ಶವಪರೀಕ್ಷೆಯ ಕೋಣೆಗಳಲ್ಲಿ ಯಾವ ರಕ್ಷಣೆಯೂ ಇಲ್ಲದೆ ಕೆಲಸ ಮಾಡುತ್ತಿದ್ದ ಕಾಲ ಅದು. ಬೇಲ್ ಮತ್ತು ಲೆನೆಕ್ ಇಬ್ಬರೂ ತಾವು ಅಧ್ಯಯನ ಮಾಡಿದ ರೋಗಕ್ಕೇ ಬಲಿಯಾದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಮನ್ನಣೆ ಮತ್ತು ವಿರೋಧ

ಗ್ರಂಥದ ಕೆಲಸ ಮುಗಿಯುವ ಹೊತ್ತಿಗೆ ಲೆನೆಕ್ ಅವರ ಆರೋಗ್ಯ ಕುಸಿದಿತ್ತು. 1819ರ ಅಕ್ಟೋಬರ್‌ನಲ್ಲಿ ಅವರು ಪ್ಯಾರಿಸ್ ತೊರೆದು ಬ್ರಿಟನಿಯ ಕರಾವಳಿಯ ಸಮೀಪದಲ್ಲಿದ್ದ ತಮ್ಮ ಕೆರ್‌ಲುವಾನೆಕ್ ಜಮೀನಿಗೆ ಮರಳಿದರು. ಕೃಷಿ ಮತ್ತು ಬೇಟೆಯಲ್ಲಿ ಎರಡು ವರ್ಷ ಕಳೆದು ಚೇತರಿಸಿಕೊಂಡ ನಂತರ 1821ರ ಕೊನೆಯಲ್ಲಿ ಪ್ಯಾರಿಸ್‌ಗೆ ಹಿಂದಿರುಗಿದರು. ಅಷ್ಟರಲ್ಲಿ ಸ್ಟೆತಾಸ್ಕೋಪ್ ಯುರೋಪಿನ ಹಲವೆಡೆ ಬಳಕೆಗೆ ಬರುತ್ತಿತ್ತು. 1821ರಲ್ಲಿ ಜಾನ್ ಫೋರ್ಬ್ಸ್ ಅವರು ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿದರು. ಈ ಉಪಕರಣ ಸಾಮಾನ್ಯ ಬಳಕೆಗೆ ಬರುವುದೆಂಬ ನಂಬಿಕೆ ಆರಂಭದಲ್ಲಿ ಅನುವಾದಕರಿಗೇ ಇರಲಿಲ್ಲ.

1822ರಲ್ಲಿ ಲೆನೆಕ್ ಅವರು ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. 1823ರಲ್ಲಿ ಪ್ಯಾರಿಸ್ ವೈದ್ಯಕೀಯ ಶಾಲೆಯ ಪುನರ್ರಚನೆಯಾದಾಗ ಶಾರಿತೆ ಆಸ್ಪತ್ರೆಯಲ್ಲಿ ಬೋಧಿಸುವ ಅವಕಾಶ ದೊರೆಯಿತು. ಗುರುಗಳಾದ ಕೊರ್ವಿಸಾರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದ್ದ ಅದೇ ಆಸ್ಪತ್ರೆಯಲ್ಲಿ ಅವರ ಪಾಠ ಕೇಳಲು ಹೊರದೇಶಗಳಿಂದಲೂ ವಿದ್ಯಾರ್ಥಿಗಳು ಬರುತ್ತಿದ್ದರು. 1824ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಲಭಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಮ್ಮ ಮನೆವಾರ್ತೆಯನ್ನು ನೋಡಿಕೊಳ್ಳುತ್ತಿದ್ದ ವಿಧವೆ ಜಾಕ್ಲಿನ್ ಆರ್ಗು ಅವರನ್ನು ವಿವಾಹವಾದರು. ಅವರಿಗೆ ಮಕ್ಕಳಿರಲಿಲ್ಲ.

ವಿರೋಧವೂ ಕಡಿಮೆಯಿರಲಿಲ್ಲ. ಬ್ರಿಟನಿಯವರೇ ಆದ ಫ್ರಾಂಸ್ವಾ ಬ್ರೂಸೆ ಅವರು ಬಹುತೇಕ ರೋಗಗಳಿಗೆ ಉರಿಯೂತವೇ ಮೂಲ, ಅದರಲ್ಲೂ ಜಠರ ಮತ್ತು ಕರುಳಿನ ಉರಿಯೂತ ಎಂದು ವಾದಿಸಿ, ಜಿಗಣೆಗಳಿಂದ ರಕ್ತ ತೆಗೆಸುವ ಚಿಕಿತ್ಸೆಯನ್ನು ಪ್ರಚಾರ ಮಾಡುತ್ತಿದ್ದರು. ಪ್ರತಿ ರೋಗಕ್ಕೂ ತನ್ನದೇ ಆದ ಅಂಗವಿಕಾರವಿದೆ ಎಂಬ ಲೆನೆಕ್ ಅವರ ನಿಲುವು ಇದಕ್ಕೆ ನೇರ ವಿರುದ್ಧವಾಗಿತ್ತು. ಇಬ್ಬರ ನಡುವಿನ ವಾದ ಕಟುವಾಗಿಯೇ ನಡೆಯಿತು. ಇಬ್ಬರ ರಾಜಕೀಯ ನಿಲುವುಗಳಲ್ಲಿದ್ದ ಭೇದವೂ ಅದಕ್ಕೆ ಸೇರಿಕೊಂಡಿತು.

ಕೊನೆಯ ದಿನಗಳು

ಲೆನೆಕ್ ಅವರು ಗ್ರಂಥದ ಎರಡನೆಯ ಆವೃತ್ತಿಯನ್ನು ಹೊಸದಾಗಿ ಬರೆದರು. ಮೊದಲ ಆವೃತ್ತಿಯಲ್ಲಿ ಶಬ್ದಗಳಿಂದ ರೋಗದ ಕಡೆಗೆ ಸಾಗುವ ಕ್ರಮವಿತ್ತು. ಎರಡನೆಯದರಲ್ಲಿ ಒಂದೊಂದು ರೋಗವನ್ನೂ ಅದರ ಅಂಗವಿಕಾರ, ಲಕ್ಷಣ ಮತ್ತು ಚಿಕಿತ್ಸೆಯೊಂದಿಗೆ ವಿವರಿಸಲಾಯಿತು. ಈ ದುಡಿಮೆಯ ಕಾಲಕ್ಕೆ ಅವರಿಗೆ ಜ್ವರ, ಕೆಮ್ಮು ಮತ್ತು ಉಸಿರಾಟದ ತೊಂದರೆ ಹೆಚ್ಚಾದವು. 1826ರಲ್ಲಿ ಪುಸ್ತಕ ಹೊರಬಂದಿತು. ಮೇ ತಿಂಗಳ ಕೊನೆಯಲ್ಲಿ ಅವರು ಪತ್ನಿಯೊಂದಿಗೆ ಪ್ಯಾರಿಸ್ ಬಿಟ್ಟು ಬ್ರಿಟನಿಗೆ ಹೊರಟರು.

ಚಿಕ್ಕಪ್ಪ ಗಿಯೋಮ್ ಅವರ ಮಗ ಮೆರಿಯಾದೆಕ್ ಕೂಡ ವೈದ್ಯರಾಗಿದ್ದು, ಲೆನೆಕ್ ಅವರಿಂದಲೇ ಆಲಿಕೆಯ ವಿಧಾನವನ್ನು ಕಲಿತಿದ್ದರು. ಲೆನೆಕ್ ಅವರು ತಮ್ಮ ಎದೆಯನ್ನು ಪರೀಕ್ಷಿಸಿ ಕೇಳಿದುದನ್ನು ವಿವರಿಸುವಂತೆ ಅವರಿಗೆ ಹೇಳಿದರು. ಮೆರಿಯಾದೆಕ್ ವಿವರಿಸಿದ್ದು ಕ್ಷಯದ ಕುಳಿಗಳನ್ನು ಸೂಚಿಸುವ ಶಬ್ದಗಳನ್ನು. ಆ ಶಬ್ದಗಳ ಅರ್ಥವೇನೆಂದು ಲೋಕಕ್ಕೆ ತಿಳಿಸಿದ್ದವರು ಸ್ವತಃ ಲೆನೆಕ್ ಅವರೇ. 13 ಆಗಸ್ಟ್ 1826ರಂದು ಅವರು ಕೆರ್‌ಲುವಾನೆಕ್‌ನ ಮನೆಯಲ್ಲಿ ನಿಧನರಾದರು. ಸಮೀಪದ ಪ್ಲೊವಾರೆಯಲ್ಲಿ ಅವರ ಸಮಾಧಿಯಿದೆ. ಮರಣಶಾಸನದಲ್ಲಿ ಅವರು ತಮ್ಮ ಪುಸ್ತಕಗಳು ಮತ್ತು ಬರಹಗಳ ಜೊತೆ ಸ್ಟೆತಾಸ್ಕೋಪನ್ನೂ ಮೆರಿಯಾದೆಕ್ ಅವರಿಗೆ ಬಿಟ್ಟಿದ್ದರು.

ಮಿತಿಗಳು

ಲೆನೆಕ್ ಅವರ ಎಲ್ಲ ತೀರ್ಮಾನಗಳೂ ಉಳಿದುಬರಲಿಲ್ಲ. ಹೃದಯದ ಎರಡನೆಯ ಶಬ್ದ ಹೃತ್ಕರ್ಣಗಳ ಸಂಕೋಚನದಿಂದ ಉಂಟಾಗುತ್ತದೆಂದು ಅವರು ತಿಳಿದಿದ್ದರು. ಅದು ಕವಾಟಗಳು ಮುಚ್ಚುವಾಗ ಆಗುವ ಶಬ್ದವೆಂದು ಅನಂತರ ಗೊತ್ತಾಯಿತು. ಸಿರೋಸಿಸ್‌ನಲ್ಲಿ ಕಾಣುವ ಕಾಳುಗಳನ್ನು ಅವರು ಯಕೃತ್ತಿನಲ್ಲಿ ಹೊಸದಾಗಿ ಬೆಳೆದ ಗಡ್ಡೆಯಂಥ ಅಂಗಾಂಶವೆಂದು ಭಾವಿಸಿದ್ದರು. ದೀರ್ಘಕಾಲದ ಹಾನಿಯಿಂದ ನಾರಿನ ಅಂಗಾಂಶ ಬೆಳೆದು, ಅದರ ನಡುವೆ ಉಳಿದ ಯಕೃತ್ತಿನ ಕೋಶಗಳು ಗಂಟುಗಳಾಗಿ ಮರುಬೆಳೆಯುತ್ತವೆ ಎಂಬುದು ಇಂದಿನ ತಿಳಿವಳಿಕೆ. ರೋಗವನ್ನು ಗುರುತಿಸುವಲ್ಲಿ ಅವರು ಬಹಳ ಮುಂದೆ ಹೋಗಿದ್ದರೂ ಗುಣಪಡಿಸುವ ಸಾಧನಗಳು ಅವರ ಬಳಿ ಇರಲಿಲ್ಲ. ನ್ಯುಮೋನಿಯಾಗೆ ಅವರು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಿದ್ದ ಆಂಟಿಮನಿ ಲವಣದ ಚಿಕಿತ್ಸೆ ಮುಂದೆ ಕೈಬಿಟ್ಟುಹೋಯಿತು.

ಇಂದಿನ ವೈದ್ಯಕೀಯದಲ್ಲಿ ಲೆನೆಕ್ ಕೊಡುಗೆಯ ಮಹತ್ವ

ಲೆನೆಕ್ ಅವರ ಗ್ರಂಥದಲ್ಲಿ ಒಂದೇ ರೋಗಿಯಲ್ಲಿ ಒಟ್ಟಾಗಿ ಕಂಡ ಸಿರೋಸಿಸ್ ಮತ್ತು ಎದೆಯ ರೋಗ ಇಂದಿಗೂ ವೈದ್ಯರ ಪಾಲಿಗೆ ಕಠಿಣವಾದ ಜೋಡಿ. ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಹಾಗೂ ಯಕೃತ್ತಿನಲ್ಲಿ ಕೊಬ್ಬು ಸೇರುವುದು ಸಿರೋಸಿಸ್‌ನ ಮುಖ್ಯ ಕಾರಣಗಳು. ಜಲೋದರ, ಕಾಮಾಲೆ ಅಥವಾ ರಕ್ತವಾಂತಿಗೆಂದು ಆಸ್ಪತ್ರೆ ಸೇರಿದ ಸಿರೋಸಿಸ್ ರೋಗಿಗೆ ಅಲ್ಲಿಯೇ ನ್ಯುಮೋನಿಯಾ ತಗುಲುವ ಅಪಾಯವಿರುತ್ತದೆ. ದಾಖಲಾಗಿ 48 ಗಂಟೆಗಳು ಅಥವಾ ಅದಕ್ಕಿಂತ ಹೆಚ್ಚು ಸಮಯ ಕಳೆದ ಮೇಲೆ ಕಾಣಿಸಿಕೊಳ್ಳುವ, ದಾಖಲಾಗುವಾಗ ಇಲ್ಲದಿದ್ದ ನ್ಯುಮೋನಿಯಾವನ್ನು ಆಸ್ಪತ್ರೆಯಲ್ಲಿ ತಗುಲಿದ ನ್ಯುಮೋನಿಯಾ ಎಂದು ಪರಿಗಣಿಸಲಾಗುತ್ತದೆ.

ಇದಕ್ಕೆ ಹಲವು ಕಾರಣಗಳಿವೆ. ಯಕೃತ್ತು ಸೋತಾಗ ರೋಗನಿರೋಧಕ ಪ್ರೋಟೀನುಗಳ ತಯಾರಿಕೆ ತಗ್ಗುತ್ತದೆ. ಬಿಳಿ ರಕ್ತಕಣಗಳ ಕಾರ್ಯವೂ ಕುಂದುತ್ತದೆ. ಹೊಟ್ಟೆಯಲ್ಲಿ ತುಂಬಿದ ನೀರು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶದ ಕೆಳಭಾಗ ಪೂರ್ತಿ ಹಿಗ್ಗುವುದಿಲ್ಲ. ಯಕೃತ್ತಿನ ವೈಫಲ್ಯದಿಂದ ಮಿದುಳಿಗೆ ಮಂಪರು ಕವಿದರೆ ಎಂಜಲು ಮತ್ತು ಆಹಾರ ಶ್ವಾಸನಾಳಕ್ಕೆ ಇಳಿಯಬಹುದು. ರಕ್ತವಾಂತಿಯ ಸಂದರ್ಭದಲ್ಲೂ ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದಾಗಲೂ ಈ ಅಪಾಯ ಹೆಚ್ಚು. ಆಸ್ಪತ್ರೆಯ ರೋಗಾಣುಗಳು ಅನೇಕ ಸಲ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗುವುದಿಲ್ಲ. ಸೋಂಕು ತೀವ್ರವಾದರೆ ಮೂತ್ರಪಿಂಡ ಮತ್ತು ಇತರ ಅಂಗಗಳೂ ಕೆಡಬಹುದು.

ಇಂಥ ರೋಗಿಗಳಲ್ಲಿ ಜ್ವರ, ಕೆಮ್ಮು, ಕಫ ಸ್ಪಷ್ಟವಾಗಿ ಕಾಣಿಸದೇ ಇರಬಹುದು. ಮಂಪರು ಹೆಚ್ಚುವುದು ಅಥವಾ ಉಸಿರಿನ ವೇಗ ಏರುವುದೇ ಮೊದಲ ಸುಳಿವಾಗಬಹುದು. ಆದ್ದರಿಂದ ಎದೆಯನ್ನು ಪದೇ ಪದೇ ಆಲಿಸುವುದು, ಸಂಶಯ ಬಂದರೆ ಎಕ್ಸ್-ರೇ ತೆಗೆಸುವುದು ಮತ್ತು ತಡಮಾಡದೆ ಸೂಕ್ತ ಆ್ಯಂಟಿಬಯಾಟಿಕ್ ಆರಂಭಿಸುವುದು ಮುಖ್ಯವಾಗುತ್ತದೆ. ಎದೆಯ ಒಂದು ಬದಿಯಲ್ಲಿ, ಹೆಚ್ಚಾಗಿ ಬಲಭಾಗದಲ್ಲಿ, ಹೊಟ್ಟೆಯ ನೀರೇ ವಪೆಯ ಸೂಕ್ಷ್ಮ ರಂಧ್ರಗಳ ಮೂಲಕ ಏರಿ ತುಂಬಿಕೊಳ್ಳುವುದೂ ಉಂಟು. ಇದನ್ನು ನ್ಯುಮೋನಿಯಾದಿಂದ ಬೇರ್ಪಡಿಸಿ ನೋಡಬೇಕು. ಆರೈಕೆ ಮಾಡುವವರು ಕೈಗಳನ್ನು ಶುಚಿಯಾಗಿಟ್ಟುಕೊಳ್ಳುವುದು, ತಲೆಯ ಭಾಗವನ್ನು ಎತ್ತರಿಸಿ ಮಲಗಿಸುವುದು, ಬಾಯಿಯನ್ನು ಶುಚಿಯಾಗಿಡುವುದು, ಅನಗತ್ಯವಾಗಿ ನಿದ್ರೆಯ ಔಷಧಿ ಕೊಡದಿರುವುದು ಮುಂತಾದ ಕ್ರಮಗಳಿಂದ ಸೋಂಕಿನ ಅಪಾಯವನ್ನು ತಗ್ಗಿಸಬಹುದು.

ಸ್ಕ್ಯಾನ್ ಮತ್ತು ಪ್ರಯೋಗಾಲಯದ ಸೌಲಭ್ಯಗಳು ದೊಡ್ಡ ನಗರಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ರೋಗಿಯ ಎದೆಯ ಸ್ಥಿತಿಯನ್ನು ತಿಳಿಯುವ ಮೊದಲ ಸಾಧನ ಇಂದಿಗೂ ಸ್ಟೆತಾಸ್ಕೋಪ್.

ಪ್ರಭಾವ ಮತ್ತು ಸ್ಮರಣೆ

ಲೆನೆಕ್ ಅವರ ಮರಣಾನಂತರ ಸ್ಟೆತಾಸ್ಕೋಪಿನ ರೂಪ ಹಲವು ಬಾರಿ ಬದಲಾಯಿತು. 1850ರ ದಶಕದ ಆರಂಭದಲ್ಲಿ ಎರಡೂ ಕಿವಿಗಳಿಂದ ಕೇಳಬಹುದಾದ ಮಾದರಿಗಳು ಬಂದವು; ನ್ಯೂಯಾರ್ಕಿನ ಜಾರ್ಜ್ ಕ್ಯಾಮನ್ ಅವರು ರೂಪಿಸಿದ ಮಾದರಿ ಇವುಗಳಲ್ಲಿ ಹೆಚ್ಚು ಜನಪ್ರಿಯವಾಯಿತು. ವಿಯೆನ್ನಾದ ಜೋಸೆಫ್ ಸ್ಕೋಡಾ ಅವರು 1839ರಲ್ಲಿ ಎದೆಯ ಶಬ್ದಗಳನ್ನು ಭೌತಶಾಸ್ತ್ರದ ನೆಲೆಯಲ್ಲಿ ವಿವರಿಸಿ ಲೆನೆಕ್ ಅವರ ವರ್ಗೀಕರಣವನ್ನು ಪರಿಷ್ಕರಿಸಿದರು. ರೋಗಿ ಹೇಳುವ ಮಾತಿನ ಜೊತೆಗೆ ರೋಗಿಯ ದೇಹವೇ ಕೊಡುವ ಸಾಕ್ಷ್ಯವನ್ನೂ ವೈದ್ಯರು ಪಡೆಯಬಹುದೆಂಬ ವಿಚಾರ ಲೆನೆಕ್ ಅವರಿಂದ ಬಲಗೊಂಡಿತು. ಮುಂದೆ ಬಂದ ಎಕ್ಸ್-ರೇ, ಅಲ್ಟ್ರಾಸೌಂಡ್ ಮುಂತಾದವು ಇದೇ ವಿಚಾರದ ಮುಂದುವರಿಕೆ.

ಹುಟ್ಟೂರಾದ ಕೆಂಪೇರ್‌ನಲ್ಲಿ 1868ರಲ್ಲಿ ಲೆನೆಕ್ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಪ್ಯಾರಿಸ್ ಮತ್ತು ನಾಂತ್ ನಗರಗಳ ಆಸ್ಪತ್ರೆಗಳಿಗೆ ಅವರ ಹೆಸರನ್ನು ಇಡಲಾಯಿತು. ಅವರು ರೂಪಿಸಿದ ಸ್ಟೆತಾಸ್ಕೋಪ್ ಮತ್ತು ಸಿರೋಸಿಸ್ ಎಂಬ ಪದಗಳು ಕನ್ನಡವೂ ಸೇರಿದಂತೆ ಜಗತ್ತಿನ ಅನೇಕ ಭಾಷೆಗಳಲ್ಲಿ ಹಾಗೆಯೇ ಬಳಕೆಯಲ್ಲಿವೆ.